ಅಳತಿ ಕುಬಸ

ನನ್ನ ಎದೆಯಲ್ಲಿ ಗಂಟಿದೆಯೆಂದು ನನಗೆ ಮೊದಲು ತಿಳಿಸಿದ್ದು ಡಾಕ್ಟರರಲ್ಲ, ನಾನೇ ಹೊಲಿದುಕೊಂಡ ಒಂದು ಕುಬಸ. ಬಲಗಡೆ ಎದೆಯ ಕೆಳಗೆ ಹಾಕಿದ ಮಡಿಕೆ ಸರಿಯಾಗಿ ಕೂಡುತ್ತಿರಲಿಲ್ಲ. ಬಿಚ್ಚಿ ಹೊಲಿದೆ. ತೊಟ್ಟು ನೋಡಿದರೆ ಮತ್ತೆ ಅದೇ ಸುಕ್ಕು. ಮತ್ತೆ ಬಿಚ್ಚಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನ್ನದು ಅದಕ್ಕೆ ಉಲ್ಟಾ: ನೆಲವೇ ಡೊಂಕಾಗಿತ್ತು, ನಾನು ನನ್ನ ಕುಣಿತವನ್ನು ಬೈದುಕೊಳ್ಳುತ್ತ ಕೂತಿದ್ದೆ. ಮೂರನೆಯ ಸಲ ಹೊಲಿಗೆ ಬಿಚ್ಚಿದ ಮೇಲೆ, ಇದೇನಿದು ನೋಡೇಬಿಡೋಣ ಎಂದು ಬೆರಳು ಅರಿವೆ ಬಿಟ್ಟು ಮೈಗೆ ಹೋಯಿತು. ಶೇಂಗಾ ಕಾಳಿನಷ್ಟು ಒಂದು ಗಂಟು ಸಿಕ್ಕಿತು. ಗಟ್ಟಿಯಾಗಿತ್ತು, ಒತ್ತಿದರೆ ನೋಯುತ್ತಿರಲಿಲ್ಲ.

ನಾನು ಬಸವನ ಬಾಗೇವಾಡಿಯವಳು, ಹೆಸರು ನೀಲವ್ವ. ಆಗ ನನಗೆ ನಲವತ್ತೆರಡು. ಆಲಮಟ್ಟಿಯಲ್ಲಿ ಆಣೆಕಟ್ಟಿನ ಕೆಲಸ ನಡೆದಿದ್ದ ವರ್ಷಗಳವು. ನಮ್ಮ ಯಜಮಾನರು ಪೇಟೆಯ ಅಡತಿ ಅಂಗಡಿಯಲ್ಲಿ ಕಾಳುಕಡಿ ತೂಗಿಸುವ ಕೆಲಸದಲ್ಲಿದ್ದರು, ನಾನು ಪಡಸಾಲೆಯಲ್ಲಿ ಕೈಮಶೀನು ಇಟ್ಟುಕೊಂಡು ಹೆಂಗಸರ ಕುಬಸ ಹೊಲಿಯುತ್ತಿದ್ದೆ. ಕುಬಸಕ್ಕೆಂದು ಗುಳೇದಗುಡ್ಡದ ಖಣ ಮನೆಗೆ ಬಂತೆಂದರೆ ಓಣಿಯ ಹೆಂಗಸರ ಮೊದಲ ದಾರಿ ನಮ್ಮ ಪಡಸಾಲೆ. ಟೇಪು ಹಿಡಿದು ಮೈ ಅಳೆಯುವ ಪದ್ಧತಿ ನಮ್ಮಲ್ಲಿರಲಿಲ್ಲ. ಮೈಗೆ ಒಪ್ಪಿದ ಹಳೆಯ ಕುಬಸವೊಂದನ್ನು ತಂದು ಕೊಡುತ್ತಿದ್ದರು. ಅದಕ್ಕೆ ಅಳತಿ ಕುಬಸ ಎನ್ನುತ್ತಿದ್ದೆವು. ಅದನ್ನು ಹೊಸ ಖಣದ ಮೇಲೆ ಹಾಸಿ, ಸೀಮೆಸುಣ್ಣದಿಂದ ಗೆರೆ ಎಳೆದು ಕತ್ತರಿಸಿದರೆ ಮುಗಿಯಿತು. ಯಾರ ಸೆರಗನ್ನೂ ಸರಿಸಬೇಕಾಗಿರಲಿಲ್ಲ. ನನ್ನದೂ ಒಂದು ಅಳತಿ ಕುಬಸ ಮಶೀನಿನ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ನನ್ನ ಮಗಳು ಶಾಂತಾಳಿಗೂ ಅದೇ ಅಳತೆ. ಮೂಗು ಮಾತ್ರ ಅಪ್ಪನದು, ಉಳಿದದ್ದೆಲ್ಲ ನನ್ನ ಅಚ್ಚು ಅವಳು.

ಆ ಮೊಳೆಗೆ ಈಗ ಬೇರೊಂದು ಕುಬಸವಿದೆ, ದಾಳಿಂಬೆ ಬಣ್ಣದ್ದು. ಸಿಂದಗಿಯಿಂದ, ಇಂಡಿಯಿಂದ, ಒಮ್ಮೊಮ್ಮೆ ಕೊಲ್ಹಾರದಿಂದ, ನನ್ನ ಹಾಗೆಯೇ ಗಂಟಾದ ಹೆಂಗಸರು ಹುಡುಕಿಕೊಂಡು ಬಂದು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಹೋಗುತ್ತಾರೆ. ಅದು ಅಲ್ಲಿಗೆ ಹೇಗೆ ಬಂತೆಂದು ಅವರಿಗೆಲ್ಲ ಹೇಳಿ ಹೇಳಿ, ಬರೆದೇ ಇಟ್ಟರೆ ಒಳ್ಳೆಯದೆನ್ನಿಸಿತು.

ನೋಯದ್ದು ಜಡ್ಡಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ನಾನೂ ಅದನ್ನೇ ನಂಬಿ ಒಂದು ತಿಂಗಳು ಸುಮ್ಮನಿದ್ದೆ. ಸುಮ್ಮನೆ ಎಂದರೆ ತೀರಾ ಸುಮ್ಮನಲ್ಲ. ಮುಂಜಾನೆ ಸ್ನಾನಕ್ಕೆ ಹೋದಾಗ ಒತ್ತಿ ನೋಡುವುದು, ಎಡಗಡೆಯೂ ಅಂಥದ್ದಿದೆಯೇ ಎಂದು ಹುಡುಕುವುದು, ನಿನ್ನೆಗಿಂತ ಇಂದು ಸರಿದಿದೆಯೇ ಎಂದು ಪರೀಕ್ಷೆ ಮಾಡುವುದು ನಡೆದೇ ಇತ್ತು. ಮೈಯೊಳಗೆ ಬಂದು ಬಿಡಾರ ಹೂಡಿದ್ದು ಯಾರು ಎಂಬ ಕುತೂಹಲ ಅಂಜಿಕೆಗಿಂತ ದೊಡ್ಡದಾಗಿತ್ತು.

ಅದೇ ತಿಂಗಳು ಮುದ್ದೇಬಿಹಾಳದಿಂದ ಸುದ್ದಿ ಬಂತು. ಅಲ್ಲಿಗೆ ಮದುವೆ ಮಾಡಿಕೊಟ್ಟ ಶಾಂತಾ ಬಸುರಿಯಾಗಿದ್ದಳು, ಮೂರನೆಯ ತಿಂಗಳು. ನಮ್ಮಲ್ಲಿ ಚೊಚ್ಚಲ ಬಸುರಿಗೆ ಏಳನೆಯ ತಿಂಗಳು ಕುಬಸ ಮಾಡುತ್ತಾರೆ. ಆ ಕಾರ್ಯದ ಹೆಸರೇ ಕುಬಸ. ತವರಿನಿಂದ ಹಸಿರು ಸೀರೆ, ಹಸಿರು ಬಳೆ, ಹಸಿರು ಖಣದ ಕುಬಸ ಹೋಗಬೇಕು. ಊರ ಮಂದಿಯ ಎಷ್ಟೋ ಹೆಣ್ಣುಮಕ್ಕಳಿಗೆ ಆ ಹಸಿರು ಕುಬಸ ಹೊಲಿದುಕೊಟ್ಟವಳು ನಾನು. ಪ್ರತಿ ಸಲ ಕೊನೆಯ ದಾರ ಕತ್ತರಿಸುವಾಗ, ಮುಂದೊಂದು ದಿನ ಶಾಂತಾಳದು ಎಂದುಕೊಂಡಿದ್ದೆ. ಅದನ್ನು ನನ್ನ ಕೈಯಾರೆ ಹೊಲಿಯಬೇಕು, ನನ್ನ ಕೈಯಾರೆ ಅವಳಿಗೆ ತೊಡಿಸಬೇಕು. ಬೇರೆ ಯಾವ ಆಸೆಯನ್ನೂ ನಾನು ಅಷ್ಟು ವರ್ಷ ಕಾಪಾಡಿಕೊಂಡು ಬಂದಿರಲಿಲ್ಲ.

ಯಜಮಾನರಿಗೆ ಗಂಟಿನ ವಿಷಯ ಹೇಳಿದ್ದು ಊಟಕ್ಕೆ ಕೂತಾಗ. ಅವರು ಮುರಿದ ರೊಟ್ಟಿಯನ್ನು ಹಾಗೇ ತಾಟಿನಲ್ಲಿಟ್ಟು ಕೈ ತೊಳೆದುಕೊಂಡು ಹೊರಗೆ ನಡೆದುಬಿಟ್ಟರು. ಸಿಟ್ಟು ಬಂತೇನೋ ಎಂದು ನಾನು ಕೂತೆ. ಗಂಟೆ ಬಿಟ್ಟು ತಿರುಗಿ ಬಂದು, "ನಾಳಿ ಮುಂಜಾನಿ ಬಸ್ಸಿಗೆ ಬಿಜಾಪುರಕ್ಕ ಹೋಗಿ, ಅಲ್ಲಿಂದ ಮಿರಜಿಗೆ ಹೋಗೂದೈತಿ. ನಮ್ಮ ಡಾಕ್ಟರನ್ನ ಕೇಳಿ ಬಂದೇನಿ. ಚೀಲಾ ತುಂಬು," ಎಂದರು. ಆಮೇಲೆ ಅದೇ ತಣ್ಣಗಾದ ರೊಟ್ಟಿ ತಿಂದರು.

ಮಿರಜಿನ ದವಾಖಾನೆಯಲ್ಲಿ ಉದ್ದನೆಯ ಪಡಸಾಲೆ, ಗೋಡೆಗುಂಟ ಕಟ್ಟಿಗೆಯ ಬಾಕುಗಳು. ಗಂಡಸರು ಒಂದು ಕಡೆ ಮಳೆ, ಬೆಳೆ, ಎತ್ತಿನ ಮಾತಿಗೆ ಬಿದ್ದಿದ್ದರು. ಹೆಂಗಸರು ಬಾಯಿ ಬಿಡುತ್ತಿರಲಿಲ್ಲ. ಯಾರೂ ಯಾರನ್ನೂ ನಿನಗೇನಾಗಿದೆ ಎಂದು ಕೇಳುತ್ತಿರಲಿಲ್ಲ. ನಾನು ಮಾತ್ರ ಒಬ್ಬೊಬ್ಬರ ಸೆರಗು ನೋಡುತ್ತ ಕೂತೆ. ಸೆರಗನ್ನು ಯಾವ ಕಡೆ ಹೆಚ್ಚು ಎಳೆದುಕೊಂಡಿದ್ದಾರೆ, ಯಾವ ಕೈಯನ್ನು ಮೈಗೆ ಒತ್ತಿ ಹಿಡಿದಿದ್ದಾರೆ ಎಂಬುದರ ಮೇಲೆ ಯಾರಿಗೆ ಯಾವ ಕಡೆ ನೋವೆಂದು ಊಹಿಸುತ್ತಿದ್ದೆ. ಪಕ್ಕದಲ್ಲಿ ಕೂತವಳ ಕಾಲ ಬಳಿ ಒಂದು ಚೀಲವಿತ್ತು, ಅದರಿಂದ ಲಿಂಬೆಯ ವಾಸನೆ ಬರುತ್ತಿತ್ತು. ನಾನು ಮೂಗರಳಿಸಿದ್ದು ಕಂಡು ಒಂದು ಹಣ್ಣು ತೆಗೆದು ನನ್ನ ಉಡಿಗೆ ಹಾಕಿದಳು.

"ಇಂಡಿ ಲಿಂಬಿಹಣ್ಣವ್ವ. ನಮ್ಮ ತ್ವಾಟದ್ದು. ಮೂಸಿ ನೋಡಕೋತ ಕುಂಡ್ರು, ಇಲ್ಲೀ ವಾಸನಿ ಹೊಟ್ಟ್ಯಾಗ ಇಳಿಯೂದಿಲ್ಲ," ಎಂದಳು. ಅವಳ ಹೆಸರು ಚಂದವ್ವ.

ಒಳಗೆ ಕರೆದರು. ಡಾಕ್ಟರು ಮರಾಠಿ ಮಾತಿನವರು, ಆದರೆ ನಮ್ಮ ಕಡೆಯ ರೋಗಿಗಳ ಸಹವಾಸದಿಂದ ಅವರ ಕನ್ನಡ ನಮ್ಮದಕ್ಕಿಂತ ಗಟ್ಟಿಯಾಗಿತ್ತು. ಮುಟ್ಟಿ ನೋಡಿದರು. ಬಗಲಿನಲ್ಲೂ ಒತ್ತಿ ನೋಡಿದರು. ಕ್ಯಾನ್ಸರ್ ಇದ್ದ ಹಾಗಿದೆ, ಆ ಕಡೆಯ ಎದೆಯನ್ನೇ ತೆಗೆಯಬೇಕು, ಇವತ್ತೇ ಸೇರಿಕೊಳ್ಳಿ ಎಂದರು. ಯಜಮಾನರು ಗೋಡೆ ಹಿಡಿದುಕೊಂಡರು. ನನಗೆ ಯಾಕೋ ಮೊದಲು ಬಾಯಿಗೆ ಬಂದದ್ದು ಕಸುಬಿನ ಪ್ರಶ್ನೆ.

"ಎಲ್ಲಿಂದ ಎಲ್ಲೀಮಟ ಕತ್ತರಸ್ತೀರಿ? ಹೊಲಿಗಿ ಎಲ್ಲಿ ಬರತೈತ್ರಿ?"

ಡಾಕ್ಟರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಆಮೇಲೆ ಚೀಟಿಯ ಹಿಂದೆ ಒಂದು ಚಿತ್ರ ಬರೆದು, ಬಗಲಿನಿಂದ ಎದೆಯ ನಡುವಿನವರೆಗೆ ಓರೆಯಾಗಿ ಒಂದು ಗೆರೆ ಎಳೆದು ತೋರಿಸಿದರು. ಒಳಗಿನ ಸ್ನಾಯುವೂ ಹೋಗುತ್ತದೆ, ಬಲಗೈ ಎತ್ತುವುದು ಕಠಿಣವಾಗುತ್ತದೆ ಎಂದೂ ಹೇಳಿದರು. ನನ್ನ ಜೀವ ಝಲ್ಲೆಂದದ್ದು ಆಗ. ಕೈಮಶೀನಿನ ಹಿಡಿ ತಿರುಗಿಸುವುದು ಬಲಗೈ.

"ಹಂಗಾರ ನಾಕು ತಿಂಗಳು ಬಿಟ್ಟು ಬರ್ತೇನ್ರಿ. ಮಗಳ ಕುಬಸ ಐತಿ. ಅದನ್ನ ಹೊಲದು, ತೊಡಿಸಿ, ಸೀದಾ ಇಲ್ಲಿಗೇ ಬರ್ತೇನಿ," ಎಂದೆ.

ಡಾಕ್ಟರಿಗೆ ಸಿಟ್ಟು ಬಂತು. ನಾನು ಎದ್ದು ಹೊರಗೆ ಬಂದು ಬಾಕಿನ ಮೇಲೆ ಕೂತೆ. ಚಂದವ್ವ ಏನೆಂದರು ಎಂದು ಕೇಳಿದಳು. ಹೇಳಿದೆ. ಅವಳು ಬಹಳ ಹೊತ್ತು ಲಿಂಬೆಯ ಚೀಲದ ಬಾಯಿಯನ್ನು ಬಿಗಿಯುವುದು, ಬಿಚ್ಚುವುದು ಮಾಡುತ್ತಿದ್ದಳು.

"ನಾನೂ ಹಂಗ ಅಂದಿದ್ದೆ. ಹಿರೇಮಗನ ಲಗ್ನ ಆಗಲಿ ಅಂದೆ. ಲಗ್ನ ಆತು. ಆಮ್ಯಾಲ ರಾಶಿ ಆಗಲಿ ಅಂದೆ. ಎರಡು ವರ್ಷ ಆತು ನೋಡು. ನೋಡ್ತೀಯೇನ?"

ಬೇಡ ಎನ್ನಬೇಕಾಗಿತ್ತು. ನನ್ನ ಸ್ವಭಾವ ಬಿಡಬೇಕಲ್ಲ. ಹೂಂ ಎಂದೆ. ಅವಳು ಗೋಡೆಯ ಕಡೆ ತಿರುಗಿ ಸೆರಗು ಸರಿಸಿದಳು. ನೋಡಿದೆ. ಏನು ನೋಡಿದೆನೆಂದು ಇಲ್ಲಿ ಬರೆಯುವುದಿಲ್ಲ. ಅವಳು ಸೆರಗು ಸರಿಮಾಡಿಕೊಂಡು, "ಮಗಳ ಕುಬಸಕ್ಕ ಅವ್ವ ಬೇಕವ್ವ. ಅವ್ವನ ಮೊಲಿ ಇದ್ರೇನು, ಬಿಟ್ರೇನು?" ಎಂದಳು. ನಾನು ಎದ್ದು ಯಜಮಾನರ ಬಳಿ ಹೋಗಿ, "ಚೀಟಿ ಮಾಡಸ್ರಿ," ಎಂದೆ.

ಆಪರೇಶನ್ ಆದ ನಾಲ್ಕನೆಯ ದಿನ ಪಟ್ಟಿ ಬದಲಿಸುವಾಗ ನರ್ಸಮ್ಮನಿಗೆ ಕನ್ನಡಿ ಕೇಳಿದೆ. ಈಗ ಬ್ಯಾಡ ಎಂದಳು. ನನ್ನ ಮೈಮೇಲೆ ಒಬ್ಬರು ಹೊಲಿಗೆ ಹಾಕಿದ್ದಾರೆ, ನನಗೇ ತೋರಿಸುವುದಿಲ್ಲವೆಂದರೆ ಏನು ನ್ಯಾಯ? ಊಟದ ಸ್ಟೀಲಿನ ತಾಟನ್ನು ಒರೆಸಿ ಎಡಗೈಯಲ್ಲಿ ಓರೆಯಾಗಿ ಹಿಡಿದೆ. ಮಸುಕಾಗಿ ಕಂಡಿತು. ಬಗಲಿನಿಂದ ನಡುವಿನವರೆಗೆ ಒಂದು ಕೆಂಪು ಗೆರೆ, ಅದರ ಮೇಲೆ ಕರಿ ದಾರದ ಗಂಟುಗಳು. ಅಂಜಿಕೆಗಿಂತ ಮೊದಲು ಕಂಡದ್ದು, ನಾಚಿಕೆ ಬಿಟ್ಟು ಹೇಳುತ್ತೇನೆ, ಹೊಲಿಗೆ ಬಹಳ ದೂರ ದೂರ ಬಿದ್ದಿದೆ ಎಂಬುದು.

ಡಾಕ್ಟರು ಬಂದಾಗ ಹೇಳಿಯೇಬಿಟ್ಟೆ. "ಇಷ್ಟು ದೂರ ದೂರ ಹೊಲಿಗಿ ಹಾಕಿದರ ನಮ್ಮೂರಾಗ ಅರಿವಿ ಮುಖದ ಮ್ಯಾಲ ಒಗದು ಹೋಗ್ತಾರ್ರಿ."

ಹಿಂದೆ ನಿಂತ ಚಿಕ್ಕ ಡಾಕ್ಟರರು ಕೈಯಲ್ಲಿದ್ದ ಚೀಟಿಯಲ್ಲಿ ಮುಖ ಹುದುಗಿಸಿದರು. ದೊಡ್ಡವರು ನಕ್ಕರು. "ಅರಿವಿ ತಾನಾಗಿ ಕೂಡೂದಿಲ್ಲ ತಾಯಿ, ಅದಕ್ಕ ನೀನು ಒತ್ತಿ ಒತ್ತಿ ಹೊಲಿತಿ. ತೊಗಲು ತಾನ ಕೂಡತೈತಿ. ಅದಕ್ಕ ಉಸುರಾಡಾಕ ಜಾಗಾ ಬಿಡಬೇಕು," ಎಂದರು. ಕಸುಬಿನವರೊಬ್ಬರು ಇನ್ನೊಬ್ಬ ಕಸುಬಿನವಳಿಗೆ ಹೇಳಿದ ಹಾಗಿತ್ತು. ಆ ದವಾಖಾನೆಯಲ್ಲಿ ನನಗೆ ಸಿಕ್ಕ ಔಷಧಗಳಲ್ಲಿ ಅದೂ ಒಂದು.

ಅಳಲಿಲ್ಲವೇ ಎಂದು ಕೇಳುತ್ತಾರೆ. ಅತ್ತೆ. ಒಂದು ದಿನ ನಿದ್ದೆಗಣ್ಣಿನಲ್ಲಿ ಕೈ ತಾನಾಗಿ ಕುಬಸದ ಗಂಟು ಸಡಿಲಿಸಲು ಎದೆಯ ಮೇಲೆ ಹೋಯಿತು. ಅಲ್ಲಿ ಪಟ್ಟಿ ಬಿಟ್ಟರೆ ಏನೂ ಇರಲಿಲ್ಲ. ಶಾಂತಾ ಕೂಸಿದ್ದಾಗ ಆ ಬಲಗಡೆಯದನ್ನೇ ಹಟಮಾಡಿ ಕುಡಿಯುತ್ತಿದ್ದಳು, ಎಡಗಡೆಗೆ ಹಾಕಿದರೆ ರಂಪ. ಅದು ನೆನಪಾಗಿ ತಲೆದಿಂಬು ತೊಯ್ಯುವಷ್ಟು ಅತ್ತೆ. ಯಾರೂ ಸಮಾಧಾನ ಮಾಡಲು ಬರಲಿಲ್ಲ, ಅದೇ ಒಳ್ಳೆಯದಾಯಿತು.

ಗಾಯ ಮಾಯ್ದ ಮೇಲೆ ಐದು ವಾರ ಕರೆಂಟು ಕೊಟ್ಟರು. ನಮ್ಮ ಮಂದಿ ಹಾಗೆ ಕರೆಯುತ್ತಿದ್ದರು, ನಿಜವಾಗಿ ಅದು ಕಣ್ಣಿಗೆ ಕಾಣದ ಒಂದು ಕಿರಣ. ಮೊದಲ ದಿನ ನೇರಳೆ ಶಾಯಿಯಿಂದ ನನ್ನ ಮೈಮೇಲೆ ಚೌಕಾಕಾರ ಗೆರೆ ಎಳೆದು, ತೊಳೆಯಬಾರದು ಎಂದರು. ಜೀವಮಾನವೆಲ್ಲ ಅರಿವೆಯ ಮೇಲೆ ಸೀಮೆಸುಣ್ಣ ಎಳೆದವಳು ನಾನು. ಗೆರೆ ಎಳೆಸಿಕೊಳ್ಳುವ ಅರಿವೆ ಹೇಗೆ ಸುಮ್ಮನೆ ಮಲಗಿರುತ್ತದೆಂದು ಆಗ ಗೊತ್ತಾಯಿತು. ಗೆರೆ ನೆಟ್ಟಗಿದೆಯೇ ಎಂದು ಕತ್ತೆತ್ತಿ ನೋಡಿದರೆ, "ಅಳ್ಳಾಡಬ್ಯಾಡವ್ವ," ಎಂದು ಬೈಸಿಕೊಂಡೆ. ವಾಕರಿಕೆ ಬಂದಾಗ ಚಂದವ್ವನ ಲಿಂಬೆ. ಅವಳಿಗೆ ಕತ್ತರಿಸುವ ಹೊತ್ತು ಮೀರಿತ್ತು, ಕರೆಂಟು ಮಾತ್ರ ಕೊಡುತ್ತಿದ್ದರು. ಅವಳ ಮಗ ವಾರಕ್ಕೊಮ್ಮೆ ಚೀಲ ತಂದರೆ ವಾರ್ಡಿನಲ್ಲೆಲ್ಲ ಹಂಚುತ್ತಿದ್ದಳು. ಊರಿಗೆ ಹೊರಟ ದಿನ ನನ್ನ ಉಡಿಗೆ ಐದು ಹಣ್ಣು ಹಾಕಿ, "ಕುಬಸದಾಗ ನನ್ನ ಹೆಸರ್ಲೆ ಒಂದು ತುತ್ತು ಉಣ್ಣು," ಎಂದಳು. ಮರುವರ್ಷ ಅವಳು ಹೋದ ಸುದ್ದಿ ಬಂತು. ಇವತ್ತಿಗೂ ಲಿಂಬೆ ಹೆಚ್ಚುವಾಗ ನನಗೆ ಆ ಬಾಕು ಕಾಣುತ್ತದೆ.

ಊರಿಗೆ ಬಂದಾಗ ಶಾಂತಾಳಿಗೆ ಐದು ತುಂಬಿತ್ತು. ಬಸುರಿ ದವಾಖಾನೆಯ ಮೆಟ್ಟಿಲು ತುಳಿಯಬಾರದೆಂದು ಬೀಗರು ಅವಳನ್ನು ಮಿರಜಿಗೆ ಕಳಿಸಿರಲಿಲ್ಲ, ಬಾಗೇವಾಡಿಗೂ ಕಳಿಸಲಿಲ್ಲ. ನನಗೆ ಇನ್ನೆರಡು ತಿಂಗಳಿತ್ತು, ಹೊಲಿಯಲು ಕೈ ಇರಲಿಲ್ಲ. ಬಲಗೈ ಭುಜದ ಮಟ್ಟಕ್ಕೂ ಏಳುತ್ತಿರಲಿಲ್ಲ. ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಜೇಡನ ಹಾಗೆ ಮೇಲಕ್ಕೆ ಹತ್ತಿಸು, ದಿನಾ ಒಂದೊಂದು ಬೆರಳಷ್ಟು ಹೆಚ್ಚು ಎಂದು ನರ್ಸಮ್ಮ ಹೇಳಿಕೊಟ್ಟಿದ್ದಳು. ಪಡಸಾಲೆಯ ಗೋಡೆಗೆ ನಿಂತೆ. ಬೆರಳು ನಿಂತಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿದೆ. ಮರುದಿನ ಅದರ ಮೇಲೊಂದು. ಕೆಲವು ದಿನ ಕೈ ಬಾತುಕೊಂಡು ಗುರುತು ಕೆಳಗೇ ಬೀಳುತ್ತಿತ್ತು, ಅದನ್ನೂ ಹಾಕಿದೆ. ಯಜಮಾನರು ಅಂಗಡಿಯಿಂದ ಬಂದ ಕೂಡಲೇ ಚಪ್ಪಲಿ ಬಿಡುವ ಮೊದಲು ಗೋಡೆ ನೋಡುತ್ತಿದ್ದರು.

ಓಣಿಯ ಮಂದಿ ಮಾತಾಡಿಸಲು ಬಂದರು. ಹೊಲಿಯಲು ಕೊಟ್ಟಿದ್ದ ಖಣವನ್ನು ಇಬ್ಬರು ಹಾಗೇ ಹಿಂದಕ್ಕೆ ಒಯ್ದರು. ಅಂಟುಜಾಡ್ಯವಿದ್ದೀತೆಂದು ಅವರ ಅಂಜಿಕೆ. ಉಳಿದವರು ಮುಖ ನೋಡಿ ಮಾತು ಶುರು ಮಾಡುತ್ತಿದ್ದರು, ನಡುವೆ ಎಲ್ಲೋ ಕಣ್ಣು ಕೆಳಗಿಳಿದು ಥಟ್ಟನೆ ಮೇಲೇರುತ್ತಿತ್ತು. ಯಾರ ಕಣ್ಣು ಎಷ್ಟು ಹೊತ್ತಿಗೆ ಇಳಿಯುತ್ತದೆಂದು ಕಾಯುವುದು ನನಗೊಂದು ಆಟವಾಯಿತು. ಕೆಲವು ಸಲ ಆಟವಾಗಿರುತ್ತಿರಲಿಲ್ಲ. ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಕೂರುತ್ತಿದ್ದೆ.

ಬಾಗಿಲು ಹಾಕಿಕೊಂಡ ಅಂಥ ಒಂದು ದಿನವೇ ಇದಕ್ಕೊಂದು ದಾರಿ ಹುಡುಕಬೇಕೆನ್ನಿಸಿತು. ಖಣದ ಚೂರಿನಲ್ಲಿ ಒಂದು ದುಂಡನೆಯ ಚೀಲ ಹೊಲಿದೆ. ಯಜಮಾನರು ಅಡತಿಯಿಂದ ಅರಳೆ ತಂದರು. ತುಂಬಿ ಕುಬಸದೊಳಗೆ ಇಟ್ಟುಕೊಂಡೆ. ಹಗುರ ನೋಡಿ, ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಕೊರಳ ಬಳಿ ಬಂದು ಕೂತಿತು. ಜೋಳ ತುಂಬಿದೆ, ಭಾರಕ್ಕೆ ಭುಜ ಜಗ್ಗಿತು. ಸಾಸಿವೆ ಸೆಖೆ ಸೆಖೆ. ನಡುವೆ ಒಂದು ದಿನ ಯಜಮಾನರು ಗಂಭೀರವಾಗಿ, "ಎಡಗಡಿದು ಎಷ್ಟು ತೂಕ ಐತಿ ಅನ್ನೂದು ಗೊತ್ತಾದರ ಬಲಗಡಿದು ಬರಾಬರಿ ಮಾಡಬಹುದು," ಎಂದರು. "ತಕ್ಕಡಿ ತರ್ರಿ ಹಂಗಾರ, ಪ್ಯಾಟ್ಯಾಗ ಕುಂಡ್ರತೇನಿ," ಎಂದೆ. ಆಪರೇಶನ್ ಆದ ಮೇಲೆ ನಾವಿಬ್ಬರೂ ಕೂಡಿ ನಕ್ಕದ್ದು ಅದೇ ಮೊದಲು. ನಗುತ್ತ ನಗುತ್ತ ಅವರು ಅತ್ತುಬಿಟ್ಟರು.

ಕೊನೆಗೆ ಒಪ್ಪಿದ್ದು ನವಣೆ. ಮೈಗೆ ತಕ್ಕ ಹಾಗೆ ಜರುಗುತ್ತದೆ, ಕೂರು ಎಂದರೆ ಕೂರುತ್ತದೆ. ಒಂದೇ ತೊಂದರೆ, ಬೇಸಗೆಯ ಬೆವರಿಗೆ ವಾರದಲ್ಲಿ ಚೀಲದ ಹೊಲಿಗೆಯ ಸಂದಿಯಿಂದ ಒಂದು ಬಿಳಿ ಮೊಳಕೆ ಇಣುಕಿತು. ಇನ್ನು ಕೆಲವು ದಿನ ಬಿಟ್ಟಿದ್ದರೆ ನಾನು ತೆನೆ ಕೊಯ್ಯಬೇಕಾಗುತ್ತಿತ್ತು. ಆಮೇಲಿಂದ ನವಣೆಯನ್ನು ಹುರಿದೇ ತುಂಬುತ್ತೇನೆ.

ಕುಬಸಕ್ಕೆ ಹನ್ನೆರಡು ದಿನವಿದ್ದಾಗ ಗೋಡೆಯ ಮೇಲಿನ ಗುರುತು ನನ್ನ ಕಿವಿಯ ಮಟ್ಟಕ್ಕೆ ಬಂದಿತ್ತು. ಹಸಿರು ಖಣ ಹಾಸಿ, ಮೊಳೆಯಿಂದ ನನ್ನ ಅಳತಿ ಕುಬಸ ತೆಗೆದೆ. ನನಗೆ ಅದಿನ್ನು ಉಪಯೋಗವಿಲ್ಲ. ಶಾಂತಾಳಿಗೆ ಇತ್ತು. ಎರಡೂ ಕಡೆ ತುಂಬಿದ ಆ ಹಳೆಯ ನನ್ನನ್ನು ಹಸಿರು ಅರಿವೆಯ ಮೇಲೆ ಮಲಗಿಸಿ, ಬಸುರಿಗೆಂದು ಎರಡು ಬೆರಳು ಹೆಚ್ಚು ಬಿಟ್ಟು ಗೆರೆ ಎಳೆದೆ. ಕತ್ತರಿ ಗೆರೆ ಬಿಟ್ಟು ಸರಿಯಲಿಲ್ಲ. ಮಶೀನಿನ ಹಿಡಿ ಮಾತ್ರ ಪ್ರತಿ ಸುತ್ತಿನಲ್ಲೂ ಮೇಲೆ ಬಂದಾಗ ನನ್ನ ಬಗಲನ್ನು ಜಗ್ಗಿ ಹಿಡಿಯುತ್ತಿತ್ತು. ಸುತ್ತಿಗೊಮ್ಮೆ ಹಲ್ಲು ಕಚ್ಚಿ, ದಿನಕ್ಕೆ ಒಂದು ಗೇಣು ಹೊಲಿಗೆ ಎಂಬಂತೆ ಹತ್ತು ದಿನ ಹೊಲಿದೆ. ಒಂದು ತೋಳು ಉಳಿಯಿತು. ಹನ್ನೊಂದನೆಯ ದಿನ ಕೈ ಬಾತು ಕುಂಬಳಕಾಯಿ.

ಯಜಮಾನರು ಎದುರಿಗೆ ಬಂದು ಕೂತು ಹಿಡಿ ಹಿಡಿದರು. ಬಾವಿಯಿಂದ ನೀರು ಸೇದುವ ಹಾಗೆ ತಿರುಗಿಸಿದರು, ಸೂಜಿ ಓಡಿ ನನ್ನ ಬೆರಳ ತುದಿಗೆ ಬಂತು.

"ನಿಧಾನ್ರಿ! ಇದು ನಿಮ್ಮ ಅಡತಿ ಅಲ್ಲ!"

"ನೀನರ ನೆಟ್ಟಗ ಹೇಳು, ಯಾವಾಗ ನಿಂದರಸಬೇಕು?"

"ನನ್ನ ಮುಖ ನೋಡಕೋತ ತಿರಗಸ್ರಿ. ನಾ ಉಸುರು ಬಿಟ್ಟಾಗ ನಿಂದರಸ್ರಿ."

ಆ ತೋಳಿನ ಹೊಲಿಗೆ ಹಾವು ಹರಿದ ಹಾಗಿದೆ. ನಾನು ಬಿಚ್ಚಿ ಹೊಲಿಯದೆ ಬಿಟ್ಟ ಸೊಟ್ಟ ಹೊಲಿಗೆ ಅದೊಂದೇ.

ಮುದ್ದೇಬಿಹಾಳದಲ್ಲಿ ಶಾಂತಾ ಬಾಗಿಲಿಗೇ ಓಡಿ ಬಂದಳು. ಆದರೆ ನನ್ನ ಎಡಗಡೆಯಿಂದ ತಬ್ಬಿಕೊಂಡಳು. ಬಲಗಡೆ ನೋಡಲಿಲ್ಲ. ಕುಬಸ ತೊಡಿಸುವಾಗಲೂ ಅವಳ ಕಣ್ಣು ನನ್ನ ಮುಖದ ಮೇಲೇ ನೆಟ್ಟಿತ್ತು, ಕಾಲು ಜಾರಿದರೆ ಬಿದ್ದೇನೆಂಬಂತೆ. ಹಸಿರು ಕುಬಸದ ಗಂಟು ಕಟ್ಟಿದೆ. ಮೈಗೆ ಹೊಯ್ದ ಹಾಗೆ ಕೂತಿತು. ಯಾವುದಕ್ಕೆ ಬದುಕಿ ಬಂದಿದ್ದೆನೋ ಅದಾಯಿತು ಎಂದುಕೊಂಡೆ. ಆದರೂ ಏನೋ ಉಳಿದಿತ್ತು. ಮಗಳು ನನ್ನನ್ನು ಪೂರ್ತಿ ನೋಡಿರಲಿಲ್ಲ.

ಆರತಿಯಾದ ಮೇಲೆ ಬೀಗತಿ ಗುರುಬಸವ್ವ ಸಾಲಾಗಿ ಕೂತ ಮುತ್ತೈದೆಯರ ಉಡಿ ತುಂಬುತ್ತ ಬಂದರು. ಒಳ್ಳೆಯ ಹೆಣ್ಣುಮಗಳು, ಮಾತು ಕಡಿಮೆ, ಕೈ ದೊಡ್ಡದು. ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಮೇಲೊಂದು ಖಣ. ಎಲ್ಲರಿಗೂ ಹಾಗೆಯೇ. ನನ್ನ ಬಳಿ ಬಂದು ಅಕ್ಕಿ ಹಾಕಿದರು, ಕೊಬ್ಬರಿ ಹಾಕಿದರು, ಎಲೆ ಅಡಿಕೆ ಹಾಕಿದರು, ಖಣದ ಜಾಗದಲ್ಲಿ ನೀರು ಕುಡಿಯುವ ಒಂದು ಸ್ಟೀಲಿನ ವಾಟಗ ಇಟ್ಟು ಮುಂದಿನವಳ ಕಡೆ ಸರಿದರು.

ನಾನು ಆ ವಾಟಗವನ್ನು ತಿರುಗಿಸಿ ನೋಡಿದೆ. ಚೆನ್ನಾಗಿತ್ತು, ಹೊಳೆಯುತ್ತಿತ್ತು. ಮೊದಲು ಅರ್ಥವಾಗಲಿಲ್ಲ, ಆಮೇಲೆ ಆಯಿತು. ಎದೆಯಿಲ್ಲದವಳಿಗೆ ಕುಬಸದ ಅರಿವೆ ಕೊಟ್ಟು ಹುಣ್ಣು ಕೆದಕುವುದು ಬೇಡವೆಂದು ಅವರು ಯೋಚಿಸಿ, ಬೇರೆ ತಂದು, ಯಾರಿಗೂ ಕಾಣದ ಹಾಗೆ ಇಟ್ಟಿದ್ದರು. ಕೆಟ್ಟ ಮನಸ್ಸಿನಿಂದ ಮಾಡಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಪ್ರೀತಿಯಿಂದ ಮಾಡಿದ್ದಕ್ಕೇ ಎದೆ ಉರಿಯಿತು. ಊರಿಗೆಲ್ಲ ಕುಬಸ ಹೊಲಿದವಳು, ಮಗಳ ಕುಬಸದಲ್ಲಿ, ಖಣವಿಲ್ಲದ ಉಡಿ ಹೊತ್ತು ಎದ್ದು ಹೋಗಬೇಕೇ?

"ಅಕ್ಕಾರ, ನನ್ನ ಖಣ ಎಲ್ಲೈತ್ರಿ?"

ಗುರುಬಸವ್ವನವರ ಕೈಯಲ್ಲಿದ್ದ ಅಕ್ಕಿ ನೆಲಕ್ಕೆ ಸುರಿಯಿತು.

"ನಿಮಗ ನೆನಪಾಗಿ ಸಂಕಟ ಆದೀತು ಅಂತಂದು... ಖಣ ತಂದೇನ್ರಿ ಅಕ್ಕಾರ, ದೇವರಾಣಿ, ನಿಮ್ಮ ಹೆಸರ್ಲೆ ಎಲ್ಲಾಕ್ಕಿಂತ ಚಲೋದು ತಂದಿಟ್ಟೇನಿ. ಕೊಡಾಕ ಕೈ ಏಳಲಿಲ್ರಿ."

"ನಿಮ್ಮ ಕೈನೂ ಏಳೂದಿಲ್ಲೇನ್ರಿ? ಗ್ವಾಡಿ ಹಿಡದು ದಿನಾ ಒಂದೊಂದು ಬೆರಳು ಏರಸ್ರಿ, ಏಳತೈತಿ," ಎಂದೆ. ಸಿಟ್ಟಿನಿಂದಲೇ ಅಂದದ್ದು, ಆದರೆ ಒಬ್ಬಳು ಕಿಸಕ್ಕೆಂದಳು, ಇನ್ನೊಬ್ಬಳು ಬಾಯಿಗೆ ಸೆರಗು ಒತ್ತಿದಳು, ಕೊನೆಗೆ ಗುರುಬಸವ್ವನವರೇ ಅಳುತ್ತ ನಕ್ಕರು. ಒಳಗೆ ಹೋಗಿ ಖಣ ತಂದರು. ದಾಳಿಂಬೆ ಬಣ್ಣ, ಜರಿಯ ಅಂಚು. ಎರಡೂ ಕೈಯಿಂದ ನನ್ನ ಉಡಿಯಲ್ಲಿಟ್ಟರು. "ವಾಟಗ ವಾಪಸ್ ಕೊಡೂದಿಲ್ಲ ಮತ್ತ," ಎಂದೆ. ಊಟಕ್ಕೆ ಕೂತಾಗ ಮೊದಲ ತುತ್ತನ್ನು ಚಂದವ್ವನ ಹೆಸರಿನಲ್ಲಿ ಉಂಡೆ.

ಮಂದಿ ಹೋದ ಮೇಲೆ ಒಳಕೋಣೆಯಲ್ಲಿ ಗೋಡೆಗೊರಗಿ ಕೂತಿದ್ದೆ. ಶಾಂತಾ ಬಂದು ಬಾಗಿಲು ಮುಂದೂಡಿ, ನನ್ನ ತೊಡೆಯ ಮೇಲಿದ್ದ ಖಣವನ್ನು ಬಿಡಿಸಿ ನೋಡಿದಳು.

"ಅವ್ವಾ, ಇದನ್ನ ಯಾವ ಅಳತಿ ಮ್ಯಾಲ ಹೊಲಿತಿ?"

ಮೊಳೆಗಿದ್ದ ಅಳತಿ ಕುಬಸ ಇನ್ನು ಅವಳದು. ಆಪರೇಶನ್ ಆದಾಗಿನಿಂದ ನಾನು ಹಳೆಯ ಕುಬಸಗಳನ್ನೇ ಸೂಜಿ ಚುಚ್ಚಿ, ಮಡಿಕೆ ಹಾಕಿ ತೊಡುತ್ತಿದ್ದೆ. ಈ ಮೈಗೆ ಅಂತ ಒಂದು ಅಳತೆಯೇ ಇರಲಿಲ್ಲ. ನಾನೂ ಮಾಡಿಕೊಂಡಿರಲಿಲ್ಲ.

ಅವಳು ನನ್ನ ಚೀಲದಿಂದ ಟೇಪು ತೆಗೆದಳು. ಸೀರೆ ಅಂಚಿನ ಉದ್ದ ನೋಡಲು ಮಾತ್ರ ನಾನು ಬಳಸುತ್ತಿದ್ದ ಟೇಪು ಅದು. "ಸೆರಗು ತಗಿ," ಎಂದಳು. ತೆಗೆದೆ. ನವಣೆಯ ಚೀಲವನ್ನು ಪಕ್ಕಕ್ಕಿಟ್ಟೆ. ಅವಳು ನೋಡಿದಳು. ಕಣ್ಣು ಮುಚ್ಚಲಿಲ್ಲ, ತಿರುಗಿಸಲಿಲ್ಲ. ತೋರುಬೆರಳಿಟ್ಟು ಬಗಲಿನಿಂದ ನಡುವಿನವರೆಗೆ ಗೆರೆಯಗುಂಟ ನಡೆಸಿದಳು.

"ಹೊಲಿಗಿ ದೂರ ದೂರ ಬಿದ್ದಾವಲ್ಲಬೇ," ಎಂದಳು.

ನನ್ನ ಮಗಳೇ ಹೌದು. "ಉಸುರಾಡಾಕ ಜಾಗಾ ಬಿಟ್ಟಾರವ್ವ," ಎಂದೆ.

ಅವಳ ಕಣ್ಣೀರು ಟೇಪಿನ ಮೇಲೆ ಬಿತ್ತು. ಸೆರಗಿನಿಂದ ಒರೆಸಿ, ಮೂಗೆಳೆದುಕೊಂಡು, ತುಂಬಿದ ಹೊಟ್ಟೆ ನನಗೆ ತಾಗುವಷ್ಟು ಹತ್ತಿರ ಮಂಡಿಯೂರಿದಳು. ನನ್ನನ್ನು ಇಷ್ಟು ಹತ್ತಿರದಿಂದ ಅಳೆದವರು ಡಾಕ್ಟರು ಬಿಟ್ಟರೆ ಇವಳೊಬ್ಬಳೇ.

"ಕೈ ಎತ್ತು ಅವ್ವಾ," ಎಂದಳು.

ಗೋಡೆ ಹಿಡಿಯಲಿಲ್ಲ. ಕೈ ಭುಜ ದಾಟಿತು, ಕಿವಿ ದಾಟಿತು, ಬಗಲು ಜಗ್ಗಿ ಒಂದು ಗಳಿಗೆ ನಿಂತು, ನನ್ನ ತಲೆಯ ಮೇಲಕ್ಕೆ ಹೋಯಿತು. ಶಾಂತಾ ಟೇಪನ್ನು ನನ್ನ ಸುತ್ತ ತಂದು, ಅಳತೆ ಓದಿ, ಇನ್ನೊಮ್ಮೆ ಓದಿದಳು. ಅವಳು ಬರೆದುಕೊಂಡು ಮುಗಿಸುವವರೆಗೂ ನಾನು ಕೈ ಇಳಿಸಲಿಲ್ಲ.